ಕೊಂಡಿ ಇಲ್ಲದ ಚೇಳು

ಶ್ರುತಿ, ಸಮರ್ಥ,

ನಿಮ್ಮ ಆಯಿಗೆ ಮಾತು ಬರುವುದಿಲ್ಲ ಎಂಬುದು ನಿಮಗೆ ಗೊತ್ತೇ ಇದೆ. ಮದುವೆಯ ಊಟಕ್ಕೆ ಕುಳಿತಾಗ ಎಲೆಗೆ ಸಾರು ಬೀಳದಿದ್ದರೂ ಕೇಳಲು ನಾಚಿ ಬರೀ ಅನ್ನ ತಿಂದು ಎದ್ದವಳು ನಾನು. ಅಂಥವಳು ವರ್ಷಗಟ್ಟಲೆ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಅಂತ ಊರೂರು ತಿರುಗಿ, ಕಂಡವರ ಮನೆ ಹೊಕ್ಕು, ನಿಮ್ಮಲ್ಲಿ ಯಾರಿಗೆ ಹುಚ್ಚು, ಯಾರು ಕುಡಿಯುತ್ತಾರೆ ಎಂದು ಕೇಳುವುದನ್ನೇ ಉದ್ಯೋಗ ಮಾಡಿಕೊಂಡಿದ್ದೆ. ದೇವರಿಗೂ ಚೇಷ್ಟೆ ಇಷ್ಟ.

ಶ್ರುತಿ, ನೀನು ಬರುವ ತಿಂಗಳು ಮಾನಸಿಕ ರೋಗಿಗಳ ನರ್ಸಿಂಗ್ ಕಲಿಯಲು ಹೊರಟಿದ್ದೀಯ. "ಆಯಿ, ನೀ ಏನ್ ಕೆಲಸ ಮಾಡತಿದ್ದಿ, ಖರೇ ಹೇಳ" ಅಂದೆ. ಸಮರ್ಥ, ನೀನು ದೀಪಾವಳಿಯಲ್ಲಿ ನನ್ನ ಪಕ್ಕ ಕುಳಿತು ಮೆಲ್ಲಗೆ ಕೇಳಿದೆ: "ಆಯಿ, ಅಜ್ಜನ ಕುಡತಾ ನನ್ನ ರಕ್ತದಾಗೂ ಇರತೈತೇನು?" ನಾನು "ಉಣ್ಣು, ಆರತೈತಿ" ಅಂದೆ. ಅದು ಉತ್ತರವಲ್ಲ ಎಂದು ನನಗೂ ಗೊತ್ತಿತ್ತು. ಬಾಯಲ್ಲಿ ಬಾರದ್ದನ್ನು ಇಲ್ಲಿ ಬರೆಯುತ್ತೇನೆ. ಸುತ್ತು ಹಾಕಿ ಬರುತ್ತದೆ, ಸ್ವಲ್ಪ ತಾಳಿಕೊಳ್ಳಿ.

ಇದರಲ್ಲಿ ಬರುವವರ ಹೆಸರುಗಳನ್ನು ಬದಲಿಸಿದ್ದೇನೆ. ಅವರಲ್ಲಿ ಒಬ್ಬಳ ಹೆಸರು ಮೊದಲೇ ಒಮ್ಮೆ ಬದಲಾಗಿದ್ದರಿಂದಲೇ ಇಷ್ಟೆಲ್ಲ ರಾಮಾಯಣ ಆದದ್ದು.

ನಿಮ್ಮ ಅಜ್ಜ ನಿಪ್ಪಾಣಿಯ ಒಂದು ತಂಬಾಕು ಗೋಡೌನಿನಲ್ಲಿ ತೂಕ ನೋಡುತ್ತಿದ್ದರು. ಬಹಳ ಒಳ್ಳೆಯವರು, ಮುಂಜಾನೆ ಹತ್ತರ ತನಕ. ಆಮೇಲೆ ಅವರು ಯಾರೋ, ನಾವು ಯಾರೋ. ಊರಿನ ಹುಚ್ಚರ ಡಾಕ್ಟರ ದವಾಖಾನೆಗೆ ಅವರನ್ನು ಎಷ್ಟು ಸಲ ಕರೆದುಕೊಂಡು ಹೋದೆನೆಂದರೆ, ಅಲ್ಲಿಯ ಬೆಂಚಿನ ಮೇಲೆ ನನ್ನದೊಂದು ಜಾಗ ಸವೆದಿತ್ತು. ಅವರು ತೀರಿಕೊಂಡಾಗ ನಿಮ್ಮಪ್ಪ ನಾಲ್ಕನೇ ಈಯತ್ತೆ. ಅದೇ ದವಾಖಾನೆಯಲ್ಲಿ ಆಯಾ ಕೆಲಸ ಕೊಟ್ಟರು. ಗಂಡನನ್ನು ಹಿಡಿದು ಹಿಡಿದು ಪಳಗಿದ್ದ ಕೈ. ರೋಗಿಗಳನ್ನು ಹಿಡಿಯಲು ಬೇರೆ ಕಲಿಯಬೇಕಾಗಲಿಲ್ಲ.

ತೊಂಬತ್ತರ ದಶಕ ಶುರುವಾಗುವ ಹೊತ್ತಿಗೆ ಮೈಸೂರು ಕಡೆಯಿಂದ ಡಾ. ಶೇಷಗಿರಿ ಎಂಬುವರು ಬಂದರು. ಒಂದು ಸಂಶೋಧನೆಗೆ ಕನ್ನಡ, ಮರಾಠಿ ಎರಡೂ ಬರುವ ಹೆಣ್ಣುಮಗಳು ಬೇಕಿತ್ತು. ನಮ್ಮ ಡಾಕ್ಟರು ನನ್ನ ಕಡೆ ಬೆರಳು ಮಾಡಿ, "ಈಕಿ ಮಾತಾಡಂಗಿಲ್ಲ ನೋಡ್ರಿ. ಅದಕ್ಕ ಮಂದಿ ಈಕೀ ಮುಂದ ಎಲ್ಲಾ ಹೇಳತಾರ" ಅಂದರು. ಕಬ್ಬೂರಿನ ಕನ್ನಡ ಶಾಲೆಯ ಏಳನೇ ಈಯತ್ತೆ ಪಾಸಾಗಿದ್ದ ನಾನು ಹೀಗೆ ವಿಜ್ಞಾನಕ್ಕೆ ಬಿದ್ದೆ.

ಸಾಹೇಬರು ಹುಡುಕುತ್ತಿದ್ದದ್ದು ಇದು. ಕೆಲವು ಮನೆತನಗಳಲ್ಲಿ ಏರಿಳಿತದ ಬ್ಯಾನಿ ಇರುತ್ತದೆ. ಕೆಲವು ತಿಂಗಳು ನಿದ್ದೆ ಇಲ್ಲ, ತಾನೇ ರಾಜ, ಇದ್ದದ್ದನ್ನೆಲ್ಲ ದಾನ ಮಾಡುತ್ತಾನೆ; ಆಮೇಲೆ ಹಾಸಿಗೆ ಬಿಟ್ಟು ಏಳುವುದಿಲ್ಲ. ಕೆಲವು ಮನೆತನಗಳಲ್ಲಿ ಕುಡಿತ, ಕೆಲವರಲ್ಲಿ ಎರಡೂ. ಅದನ್ನು ಅಪ್ಪ ಅವ್ವರಿಂದ ಮಕ್ಕಳಿಗೆ ದಾಟಿಸುವ ವಂಶವಾಹಿ ರಕ್ತದಲ್ಲಿ ಸಿಗಬೇಕು ಎಂಬುದು ಅವರ ಲೆಕ್ಕ. ಆಗ ಎಲ್ಲ ದೊಡ್ಡ ಡಾಕ್ಟರರೂ ಒಂದು ಬ್ಯಾನಿಗೆ ಒಂದೇ ವಂಶವಾಹಿ ಎಂದು ನಂಬಿದ್ದರು. ದೊಡ್ಡ ಮನೆತನ ಹಿಡಿಯುವುದು, ವಂಶದ ನಕ್ಷೆ ಬರೆಯುವುದು, ಎಲ್ಲರ ರಕ್ತ ತೆಗೆದು ಬೆಂಗಳೂರಿಗೆ ಕಳಿಸುವುದು. ನಕ್ಷೆ ಬರೆಯುವವಳು ನಾನು. ಗಂಡಸಿಗೆ ಚೌಕ, ಹೆಂಗಸಿಗೆ ದುಂಡು. ಬ್ಯಾನಿ ಇದ್ದವರಿಗೆ ಒಳಗೆ ಕಪ್ಪು ತುಂಬಬೇಕು. ಸಂಬಂಧದಲ್ಲೇ ಮದುವೆಯಾಗಿದ್ದರೆ ನಡುವೆ ಜೋಡಿ ಗೆರೆ.

ನನ್ನ ಮೊದಲ ನಕ್ಷೆ ನೋಡಿ ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. "ಏನಮ್ಮಾ ಇದು, ರೈಲು ಹಳಿ ಎಳೆದಿದ್ದೀರಾ?"

"ಇಲ್ರಿ ಸಾಹೇಬ್ರ. ಈಕೀನ್ನ ಸೋದರಮಾವಗ ಕೊಟ್ಟಾರ್ರಿ."

"ಇದು?"

"ಅತ್ತೀ ಮಗಗ್ರಿ."

"ಮತ್ತೆ ಇದು?"

"ಅದೂ ಸೋದರಮಾವಗ ರಿ. ಆ ಮಾವನ ಅವ್ವನ್ನೂ ಆಕೀ ಸೋದರಮಾವಗ ಕೊಟ್ಟಿದ್ರರಿ."

ಸಾಹೇಬರ ಮುಖ ಅರಳಿತು. ಇಷ್ಟು ಹಳಿ ಇದ್ದರೆ ವಂಶವಾಹಿಯ ರೈಲು ಇಲ್ಲೇ ಸಿಗುತ್ತದೆ ಎಂದು ಅವರ ಆಸೆ.

ಕೇಳುವ ರೀತಿ ಮಾತ್ರ ಯಾರೂ ಕಲಿಸಲಿಲ್ಲ. ಚಿಕ್ಕೋಡಿಯ ಒಂದು ಮನೆಯಲ್ಲಿ ಮೊದಲ ದಿನ ಕಣ್ಣು ಮುಚ್ಚಿ ನೇರವಾಗಿ ಕೇಳಿಬಿಟ್ಟೆ: "ನಿಮ್ಮ ಮನ್ಯಾಗ ಯಾರದರೆ ತಲಿ ಕೆಟ್ಟಿತ್ತೇನ್ರಿ?" ಮನೆಯ ಯಜಮಾನಿ, "ಇಷ್ಟ ದಿನ ಕೆಟ್ಟಿರಲಿಲ್ಲ. ಈಗ ನೀ ಬಂದಿ, ಕೆಟ್ಟೈತಿ" ಎಂದು ಕಸಬರಿಗೆ ತೆಗೆದುಕೊಂಡಳು. ಆವತ್ತು ಒಂದು ಪಾಠ ಕಲಿತೆ. ಯಾರನ್ನೂ ಅವರ ಮನೆತನದ ಬಗ್ಗೆ ಕೇಳಬಾರದು; ಬೀಗರ ಮನೆತನದ ಬಗ್ಗೆ ಕೇಳಬೇಕು. "ನಮ್ಮದು ಬಂಗಾರದಂಥಾ ಮನೆತನ್ರಿ. ಅವರ ಕಡೆ ಕೇಳ್ರಿ ಬೇಕಾದ್ರ, ಕುಂಡರ್ರಿ ಹೇಳತೇನಿ" ಎಂದು ಚಹಾ ಕೊಟ್ಟು ಮೂರು ತಲೆಮಾರು ಬಿಚ್ಚುತ್ತಾರೆ. ಗಂಡನ ಮನೆಯ ಹುಚ್ಚು ತಿಳಿಯಲು ಹೆಂಡತಿಯ ತವರಿಗೆ ಹೋಗು, ಹೆಂಡತಿಯ ತವರಿನದು ತಿಳಿಯಲು ಗಂಡನ ಮನೆಗೆ ಹೋಗು. ಶ್ರುತಿ, ಇದು ನಿನ್ನ ಪುಸ್ತಕದಲ್ಲಿ ಇರುವುದಿಲ್ಲ.

ರಕ್ತ ತೆಗೆಯುವವನು ಅಥಣಿಯ ಮೌಲಾ. ನನಗಿಂತ ಹತ್ತು ವರ್ಷ ಸಣ್ಣವನು, ನಾನು ಆಡದ ಮಾತನ್ನೆಲ್ಲ ಅವನೇ ಆಡಿ ಮುಗಿಸುತ್ತಿದ್ದ. ಅವನದೊಂದು ವಿಚಿತ್ರ. ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಮೊಣಕೈ ಒಳಗಿನ ನರ ನೋಡಿ ಮಾತಾಡುತ್ತಿದ್ದ. "ಮುಖ ಸುಳ್ಳ ಹೇಳತಾವಕ್ಕಾ. ನರಾ ಹೇಳಂಗಿಲ್ಲ" ಅನ್ನುತ್ತಿದ್ದ. ರಕ್ತದ ಕೊಳವೆಗಳನ್ನು ತಣ್ಣಗಿಡಲು ನಮಗೆ ಸಿಕ್ಕದ್ದು ನಿಪ್ಪಾಣಿಯ ಐಸ್‌ಕ್ಯಾಂಡಿ ಕಾರಖಾನೆಯ ಹಳೆಯ ನೀಲಿ ಪೆಟ್ಟಿಗೆ. ಅದರ ಮೇಲೆ ಕ್ಯಾಂಡಿ ಚೀಪುವ ಹುಡುಗಿಯ ಚಿತ್ರ ಬೇರೆ. ಕಾಗವಾಡದ ಬಸ್ ಸ್ಟ್ಯಾಂಡಿನಲ್ಲಿ ಮುದುಕಿಯೊಬ್ಬಳು ಒಂದು ಕ್ಯಾಂಡಿ ಕೊಡು ಎಂದು ಹಟ ಹಿಡಿದಳು. ಎಷ್ಟು ಹೇಳಿದರೂ ಕೇಳಲಿಲ್ಲ. ಮೌಲಾ ಸಾಕಾಗಿ ಮುಚ್ಚಳ ತೆಗೆದು, "ಕೆಂಪಂದಷ್ಟ ಉಳದೈತಿ ಆಯಿ, ನಡೀತೈತೇನು?" ಅಂದ. ಆಕೆ ಹೊಡೆದ ಬೊಬ್ಬೆಗೆ ಆ ಊರಿನಲ್ಲಿ ಮೂರು ತಿಂಗಳು ನಮಗೆ ಚಹಾ ಹುಟ್ಟಲಿಲ್ಲ.

ಸಾಹೇಬರ ಒಂದು ಭಾಷಣದ ಕಥೆಯನ್ನೂ ಹೇಳಬೇಕು, ಸಮರ್ಥನಿಗೆ ಬೇಕಾಗುತ್ತದೆ. ರಾಯಬಾಗದ ಹತ್ತಿರ ಕಬ್ಬು ಬೆಳೆಯುವವರನ್ನು ಕೂಡಿಸಿ, ಚಟ ಯಾಕೆ ಅಂಟುತ್ತದೆ ಎಂದು ಹೇಳಲು ನಿಂತರು. ಮಿದುಳಿನ ನರಕೋಶ, ಅವುಗಳ ನಡುವೆ ಸುರಿಯುವ ಡೋಪಮೈನ್, ಅದನ್ನು ಹಿಡಿಯುವ ಗ್ರಾಹಕ ಎಂದು ಅರ್ಧ ತಾಸು. ಕೊನೆಗೆ ಒಬ್ಬ ರೈತ ಎದ್ದು, "ಎಲ್ಲಾ ತಿಳೀತ್ರಿ. ಎಕರೆಕ ಎಷ್ಟ ಚೀಲ ಹಾಕಬೇಕು, ಅದೊಂದ ಹೇಳ್ರಿ" ಅಂದ. ಸಾಹೇಬರು ನನ್ನ ಕಡೆ ನೋಡಿದರು. ಮೌಲಾ ನನ್ನ ಬೆನ್ನಿಗೆ ತಿವಿದ. ನನ್ನ ಜೀವಮಾನದ ಒಂದೇ ಒಂದು ಭಾಷಣ ಅದು. ಸೆರಗಿನ ತುದಿ ಬಾಯಲ್ಲಿಟ್ಟುಕೊಂಡೇ ಮಾಡಿದೆ.

"ಕಬ್ಬಿಗೆ ನೀರ ಬಿಡತೀರಿ. ಮೊದಲ ಚಲೋ ಬರತೈತಿ. ಆಸೆ ಆಗಿ ಇನ್ನಷ್ಟ ಬಿಡತೀರಿ. ಆಮ್ಯಾಲ ಹೊಲಾ ಸವಳ ಆಗತೈತಿ, ಮ್ಯಾಲ ಬಿಳೇ ಉಪ್ಪ ಬರತೈತಿ. ಆಗ ನೀರ ಬಿಟ್ರೂ ಬೆಳಿ ಇಲ್ಲ, ಬಿಡದಿದ್ರೂ ಇಲ್ಲ. ಆದ್ರೂ ಬಿಡೋದ ಬಿಡಂಗಿಲ್ಲ. ಕುಡತಾನೂ ಹಂಗ ರಿ. ನೀರಂದ್ರ ಸಾಹೇಬ್ರ ಹೇಳಿದ ಆ ಡೋಪಮೈನ್."

ಒಬ್ಬ ಮುದುಕ ಕೇಳಿದ: "ಹಂಗಾರ ನನ್ನ ತಮ್ಮ ನನಗಿಂತ ಹೆಚ್ಚ ಕುಡೀತಿದ್ದ. ಅಂವ ಬಿಟ್ಟ, ನನಗ ಯಾಕ ಬಿಡಾಕ ಆಗವಲ್ತು?"

"ಎಲ್ಲಾ ಹೊಲಾ ಒಂದ ನಮೂನಿ ಸವಳ ಆಗತಾವೇನ್ರಿ? ಕರೇ ಮಣ್ಣಿನ ಎರಿ ಹೊಲಾ ಲಗೂನ ಆಗತೈತಿ, ಕಲ್ಲಿನ ಮಡ್ಡಿ ಹೊಲಾ ತಡಾ. ಯಾರಿಗೆ ಎಂಥಾ ಹೊಲಾ ಬಂದೈತಿ ಅಂತ ನೋಡಾಕ ರಕ್ತಾ ತಗೋತೇವ್ರಿ."

ಆವತ್ತು ನಲವತ್ತು ಕೈ ಮುಂದೆ ಬಂದವು. ಸಾಹೇಬರು ಆ ಸವಳು ಹೊಲವನ್ನು ಇಂಗ್ಲಿಷಿಗೆ ತಿರುಗಿಸಿ ಎಲ್ಲೆಲ್ಲೋ ಹೇಳಿ ಚಪ್ಪಾಳೆ ಗಿಟ್ಟಿಸಿದರಂತೆ. ನನ್ನ ಹೆಸರು ಹೇಳಲಿಲ್ಲ. ಹೇಳಿದ್ದರೆ ನಾನು ನಾಚಿಕೆಯಿಂದ ಸಾಯುತ್ತಿದ್ದೆ. ಭಾಷಣ ಮುಗಿದ ಕೂಡಲೇ ಅವರು ಜೀಪಿನ ಹಿಂದೆ ಹೋಗಿ ಸಿಗರೇಟು ಹಚ್ಚಿದರು. ಮೌಲಾ ಬಗ್ಗಿ ನೋಡಿ, "ಸಾಹೇಬ್ರ, ನೀರ ಬಿಡಾಕತ್ತೀರೇನ್ರಿ?" ಅಂದ. "ಸುಮ್ನಿರಯ್ಯಾ" ಅಂದರು.

ಈಗ ನನ್ನ ದೊಡ್ಡ ತಪ್ಪಿನ ವಿಷಯ.

ಐಗಳಿಯಲ್ಲಿ ದ್ರಾಕ್ಷಿ ತೋಟದ ಒಂದು ದೊಡ್ಡ ಮನೆ. ಆ ಮನೆಯ ಕಾಕಾ ನಮ್ಮ ರೋಗಿ. ನಾಗರ ಪಂಚಮಿಗೆ ಹೋದರೆ ತವರಿಗೆ ಬಂದ ಹೆಣ್ಣುಮಕ್ಕಳೆಲ್ಲ ಒಟ್ಟಿಗೆ ಸಿಗುತ್ತಾರೆ ಎಂದು ನಾನೇ ಉಪಾಯ ಹೇಳಿದ್ದೆ. ನಾನು ಅಡುಗೆಮನೆಯಲ್ಲಿ ಉಂಡಿ ಕಟ್ಟುತ್ತಿದ್ದ ಯಜಮಾನಿಯ ಪಕ್ಕ ನಕ್ಷೆ ಬರೆಯುತ್ತಾ ಕುಳಿತೆ. ಕಾಕಾನ ಅಣ್ಣನ ಮಗಳು ನೀಲವ್ವನಿಗೆ ಹದಿನೇಳನೇ ವಯಸ್ಸಿಗೆ ಅದೇ ಬ್ಯಾನಿ ಬಂದಿತ್ತು, ಗುಳಿಗೆಯಿಂದ ನೆಟ್ಟಗಾದಳು, ಮದುವೆಯಾಗಿದೆ ಎಂದು ಆಕೆಯ ತಾಯಿಯಾದ ಆ ಯಜಮಾನಿಯೇ ಹೇಳಿದಳು. ಎಲ್ಲಿಗೆ ಕೊಟ್ಟಿರಿ ಎಂದು ಕೇಳಬೇಕಿತ್ತು. ಆಕೆ ಮುಖ ತಿರುಗಿಸಿ, "ಉಂಡಿ ತಗೊ ಯವ್ವಾ" ಅಂದಳು. ನಾನು ನಾಚಿ ಉಂಡಿ ತಿಂದೆ. ಒಂದು ದುಂಡಿಗೆ ಕಪ್ಪು ತುಂಬಿ "ನೀಲವ್ವ" ಎಂದು ಬರೆದೆ. ಆ ನೀಲವ್ವ ಹೊರಗೆ ಜೋಕಾಲಿಯ ಮೇಲೆ ಕೇಕೆ ಹಾಕುತ್ತಿದ್ದಳು. ನಾನು ಕೇಕೆ ಕೇಳಿದೆ, ಮುಖ ನೋಡಲಿಲ್ಲ. ಮೌಲಾ ಜೋಕಾಲಿ ನಿಲ್ಲಿಸಿ ರಕ್ತ ತೆಗೆದುಕೊಂಡು ಬಂದ.

ಎರಡು ತಿಂಗಳ ಮೇಲೆ ರಾಯಬಾಗ ಕಡೆಯ ಒಂದು ಹಳ್ಳಿಗೆ ಹೋದೆವು. ನಮ್ಮಲ್ಲಿಗೆ ಬರುತ್ತಿದ್ದ ಇನ್ನೊಬ್ಬ ರೋಗಿಯ ಅಕ್ಕ ಚಂದ್ರವ್ವನ ಮನೆ ಅದು. ಗಟ್ಟಿ ಹೆಂಗಸು. ಸೊಸೆಯನ್ನು ತಿಂಗಳಿಗೊಮ್ಮೆ ತಾನೇ ಬಸ್ಸು ಹತ್ತಿಸಿ ತವರಿಗೆ ಕಳಿಸುತ್ತಾಳೆ, ಇಂಥ ಅತ್ತೆ ಸುತ್ತ ಹತ್ತೂರಲ್ಲಿ ಇಲ್ಲ ಎಂದು ನೆರೆಹೊರೆಯವರು ಹೊಗಳಿದರು. ತಮ್ಮನ ಕುಡಿತ, ಬ್ಯಾನಿ ಎಲ್ಲವನ್ನೂ ಹೇಳಿದಳು. ಆದರೆ ತನ್ನ ರಕ್ತ ಮಾತ್ರ ಕೊಡಲಿಲ್ಲ. "ನನ್ನ ರಕ್ತ ಭಾಳ ದಪ್ಪ ಐತಿ. ನಿಮ್ಮ ಸೂಜಿ ಮುರದೀತು. ನನ್ನ ಮಗಂದ, ಸೊಸೀದ ತಗೋರಿ." ಮದುವೆಯಾಗಿ ಬಂದ ಆರೋಗ್ಯವಂತರ ರಕ್ತವೂ ಹೋಲಿಸಿ ನೋಡಲು ನಮಗೆ ಬೇಕಾಗುತ್ತಿತ್ತು. ಆ ಮನೆಗಳಲ್ಲಿ ಸೊಸೆಯಂದಿರು ಪರಗಂಡಸಿನ ಮುಂದೆ ಬರುವುದಿಲ್ಲ. ಒಳಬಾಗಿಲಿನ ಹಿಂದಿನಿಂದ ಒಂದು ಕೈ ಹೊರಗೆ ಬಂತು. ಮೌಲಾ ಆ ಕೈಯಿಂದ ರಕ್ತ ತೆಗೆದ. ನಾನು ಹೆಂಗಸು, ಒಳಗೆ ಹೋಗಿ ಮಾತಾಡಿಸಬಹುದಿತ್ತು. ಸಂಕೋಚ. ಹೊರಗೇ ನಿಂತು ಹೆಸರು ಕೇಳಿದೆ. "ಶೋಭಾ" ಎಂದಳು ಅತ್ತೆ. "ಆರೋಗ್ಯ?" "ಕಲ್ಲ ಗುಂಡ ಇದ್ದಂಗ ಅದಾಳ." ಒಂದು ದುಂಡು ಬರೆದು, ಬಿಳಿ ಬಿಟ್ಟು, "ಶೋಭಾ" ಎಂದು ಬರೆದೆ.

ಬೆಂಗಳೂರಿನಿಂದ ಕಾಗದ ಬಂತು. ಜೊತೆಗೆ ಎಕ್ಸ್‌ರೇ ಹಾಳೆಯಂಥದ್ದು ಒಂದು. ಅದರಲ್ಲಿ ಏಣಿಯ ಮೆಟ್ಟಿಲಿನ ಹಾಗೆ ಕಪ್ಪು ಗೆರೆಗಳು. ಪ್ರತಿ ಮನುಷ್ಯನಿಗೂ ಒಂದೊಂದು ಏಣಿ, ಒಬ್ಬರದು ಇನ್ನೊಬ್ಬರಂತೆ ಇರುವುದಿಲ್ಲವಂತೆ. ಸಾಹೇಬರು ಅದನ್ನು ಕಿಟಕಿಗೆ ಹಿಡಿದು ಎರಡು ಏಣಿ ತೋರಿಸಿದರು. ಮೆಟ್ಟಿಲಿಗೆ ಮೆಟ್ಟಿಲು ಒಂದೇ.

"ಐಗಳಿಯ ನೀಲವ್ವ, ರೋಗಿ. ರಾಯಬಾಗದ ಶೋಭಾ, ಆರೋಗ್ಯವಂತೆ. ಇಬ್ಬರದೂ ಒಂದೇ ರಕ್ತ! ಒಂದೇ ತೋಳಿನಿಂದ ಎರಡು ಕೊಳವೆ ತುಂಬಿಸಿದ್ದೀರಿ. ಬಿಸಿಲಲ್ಲಿ ಓಡಾಡೋದಕ್ಕೆ ಬೇಜಾರಾಯ್ತಾ?"

ಮೌಲಾನ ಬಾಯಿ ಬಿದ್ದುಹೋದದ್ದನ್ನು ನಾನು ಆವತ್ತೇ ನೋಡಿದ್ದು. ಇಂಥದ್ದು ಎಷ್ಟು ಇವೆಯೋ, ಎಂಟು ದಿನದಲ್ಲಿ ಸಮಜಾಯಿಷಿ ಬರದಿದ್ದರೆ ನೀವು ತಂದ ಅಷ್ಟೂ ರಕ್ತ ಚರಂಡಿಗೆ, ನೀವಿಬ್ಬರೂ ಮನೆಗೆ ಎಂದರು ಸಾಹೇಬರು. ನಿಮ್ಮಪ್ಪನ ಶಾಲೆ, ನಮ್ಮ ಅನ್ನ ಎಲ್ಲವೂ ಆ ಕೆಲಸದ ಮೇಲೆ ನಿಂತಿದ್ದವು.

ಹೊರಗೆ ಬಂದು ಬೇವಿನ ಮರದ ಕೆಳಗೆ ಕುಳಿತೆವು. ಮೌಲಾ ತಟ್ಟನೆ ತನ್ನ ಕೈಯನ್ನೇ ನೋಡಿಕೊಳ್ಳುತ್ತಾ, "ಅಕ್ಕಾ, ಚೇಳು" ಅಂದ.

"ಎಲ್ಲೋ?" ಎಂದು ನಾನು ಹಾರಿ ಎದ್ದೆ.

"ಇಲ್ಲಲ್ಲ. ಆ ಜೋಕಾಲಿ ಹುಡಿಗಿ ಕೈ ಮ್ಯಾಲ. ಹಚ್ಚಿ ಹಾಕಿಸಿದ ಚೇಳ. ಕೊಂಡಿ ಇರಲಿಲ್ಲ. 'ಕೊಂಡಿ ಎಲ್ಲಿ ಬೇ?' ಅಂದ್ರ, 'ಹಚ್ಚಿ ಹಾಕಾಕಿ ಬಾಲಕ್ಕ ಬಂದಾಗ ಉರಿ ತಾಳಲಾರದ ಓಡಿ ಹೋದ್ನಿ' ಅಂತ ನಕ್ಕಳು. ಬಾಗಲಾ ಹಿಂದಿನ ಕೈ ಮ್ಯಾಲೂ ಅದ ಚೇಳ ಇತ್ತಕ್ಕಾ. ಅದಕ್ಕೂ ಕೊಂಡಿ ಇರಲಿಲ್ಲ."

ನಾನು ಹಣೆ ಹಣೆ ಬಡಿದುಕೊಂಡೆ. ನಮ್ಮ ಕಡೆ ಲಗ್ನದಲ್ಲಿ ಗಂಡನ ಮನೆಯವರು ಹೆಣ್ಣಿಗೆ ಹೊಸ ಹೆಸರು ಇಡುತ್ತಾರೆ. ತಟ್ಟೆಯಲ್ಲಿ ಅಕ್ಕಿ ಹರವಿ ವರ ಬೆರಳಿನಿಂದ ಬರೆಯುತ್ತಾನೆ. ಅಲ್ಲಿಗೆ ಹಳೆಯ ಹುಡುಗಿ ಮುಗಿದಳು. ನನಗೂ ಹಾಗೆಯೇ ಆಗಿತ್ತು. ಎರಡು ಹೆಸರು ಹೊತ್ತುಕೊಂಡು ತಿರುಗುವ ನಾನೇ, ಒಬ್ಬಳನ್ನು ಇಬ್ಬರು ಮಾಡಿ, ಒಬ್ಬಳಿಗೆ ಹುಚ್ಚು ಕಟ್ಟಿ ಇನ್ನೊಬ್ಬಳನ್ನು ಶಾಣ್ಯಾ ಮಾಡಿದ್ದೆ.

"ಸಾಹೇಬ್ರ ಮುಂದ ಹೇಳೂಣ ನಡೀ" ಎಂದು ಮೌಲಾ ಎದ್ದ. ನಾನು ಅವನ ಅಂಗಿ ಹಿಡಿದು ಕೂಡಿಸಿದೆ. ಐಗಳಿಯ ತಾಯಿ ಮುಖ ತಿರುಗಿಸಿ ಉಂಡಿ ಕೊಟ್ಟದ್ದು ಈಗ ಅರ್ಥವಾಯಿತು. ಮಗಳ ಬ್ಯಾನಿ ಗಂಡನ ಮನೆಗೆ ಗೊತ್ತಿಲ್ಲ. ಬಾಯಿ ಬಿಟ್ಟರೆ ನಮ್ಮ ಕೆಲಸ ಉಳಿಯುತ್ತದೆ, ಆದರೆ ಸಾಹೇಬರ ಜೀಪು ಮತ್ತೆ ಆ ಮನೆಯ ಮುಂದೆ ನಿಲ್ಲುತ್ತದೆ, ನಾಲ್ಕು ಮಂದಿ ಕೇಳುತ್ತಾರೆ. ಹೆಣ್ಣುಮಗಳ ಬಾಳು ಅಲ್ಲಿಗೆ ಮುಗಿಯಿತು. ಮೊದಲು ಆಕೆಯನ್ನು ಕೇಳಿ ಬರುತ್ತೇನೆ ಅಂದೆ.

ಮರುದಿನ ಮಧ್ಯಾಹ್ನ, ಚಂದ್ರವ್ವ ಹೊಲಕ್ಕೆ ಹೋಗುವ ಹೊತ್ತು ನೋಡಿ ಒಬ್ಬಳೇ ಹೋದೆ. ಈ ಸಲ ಬಾಗಿಲ ಹೊರಗೆ ನಿಲ್ಲಲಿಲ್ಲ. ಸೊಸೆ ಪಡಸಾಲೆಯಲ್ಲಿ ಬೇಳೆ ಕೇರುತ್ತಿದ್ದಳು. ಮೂರು ವರ್ಷದ ಮಗಳು ಪಕ್ಕದಲ್ಲಿ ಮಲಗಿದ್ದಳು. ನಾನು ಮೆಲ್ಲಗೆ "ನೀಲವ್ವಾ" ಅಂದೆ. ಮೊರ ಕೈಜಾರಿ ಬಿತ್ತು.

"ಆ ಹೆಸರ ಇಲ್ಲಿ ಕರೀಬ್ಯಾಡ್ರಿ ಅಕ್ಕಾರ. ನಿಮ್ಮ ಕಾಲಿಗೆ ಬೀಳತೇನಿ."

ಏಣಿಯ ವಿಷಯ ಹೇಳಿದೆ. ಡಾಕ್ಟರೊಬ್ಬರಿಗೇ ಹೇಳುತ್ತೇನೆ, ನೀನು ಹೂಂ ಅಂದರೆ ಮಾತ್ರ ಅಂದೆ.

"ಹೇಳಲಿಲ್ಲಂದ್ರ ಏನಾಗತೈತ್ರಿ?"

"ನನ್ನ ಕೆಲಸ ಹೋಗತೈತಿ. ರಕ್ತಾ ತಗದ ಹುಡುಗಂದೂ."

"ಹೇಳಿದ್ರ ನನ್ನ ಮನಿ ಹೋಗತೈತ್ರಿ. ನನ್ನನ್ನ ತವರಿಗೆ ದಬ್ಬಿ ಕೂಸಿನ್ನ ಇಟಗೋತಾರ."

ಆಗ ಒಳಬಾಗಿಲಿನ ಹಿಂದಿನಿಂದ ಧ್ವನಿ ಬಂತು.

"ಯಾರದೂ ಏನೂ ಹೋಗಂಗಿಲ್ಲ. ಮೊದಲ ಆ ಮರಾ ಎತ್ತು. ಬ್ಯಾಳಿ ಎಲ್ಲಾ ಗುಬ್ಬಿ ತಿನ್ನಾಕತ್ತಾವ."

ಚಂದ್ರವ್ವ ಅವತ್ತು ಹೊಲಕ್ಕೆ ಹೋಗಿರಲಿಲ್ಲ. ಸೊಸೆ ಬಿಳುಚಿಕೊಂಡು ಗೋಡೆಗೆ ಒರಗಿದಳು. ಅತ್ತೆ ಬಂದು ನಮ್ಮ ನಡುವೆ ಕಾಲು ಚಾಚಿ ಕುಳಿತಳು.

"ಅಲ್ಲಬೇ, ಗುಳಿಗಿ ಇಡಾಕ ನಿನಗ ಮೆಂತೇದ ಡಬ್ಬಿನ ಬೇಕಿತ್ತೇನು? ಒಗ್ಗರಣಿ ಹಾಕಾಕ ಕೈ ಹಾಕಿದ್ರ ಗುಳಿಗಿ ಬರತಾವ. ನಾ ಏನ್ ಕುರುಡಿ ಅದೀನಿ? ಲಗ್ನ ಆಗಿ ಬಂದ ಎಂಟ ದಿನಕ್ಕ ಗೊತ್ತಾತು."

"ಮತ್ತ ಯಾಕ ಸುಮ್ಮನಿದ್ರಿ ಅತ್ತಿ?" ಸೊಸೆಯ ಬಾಯಿಂದ ಉಸಿರಷ್ಟೇ ಬಂತು.

"ಮಾತಾಡಿದ್ರ ನೀ ಅಂಜತಿದ್ದಿ. ಅಂಜಿದ್ರ ಗುಳಿಗಿ ಬಿಡತಿದ್ದಿ. ಡಬ್ಯಾಗ ನಾಕ ಉಳದ ಕೂಡಲೇ 'ತವರಿಗೆ ಹೋಗಿ ಬಾ' ಅಂತ ಬಸ್ ಹತ್ತಸ್ತಿದ್ದೆ. ಊರ ಮಂದಿ ಎಂಥಾ ಚಲೋ ಅತ್ತಿ ಅಂದ್ರು. ಪುಕ್ಕಟೆ ಹೆಸರ ಬಂತು, ಬ್ಯಾಡನ್ನಲಿ ಯಾಕ?"

ಆಮೇಲೆ ನನ್ನ ಕಡೆ ತಿರುಗಿದಳು. "ನಿಮ್ಮ ಕಾಗದದಾಗ ನಾನೂ ಬೆಳ್ಳಗ ಅದೇನಲ್ಲಾ? ಕರೇ ಬಳೀರಿ. ನನ್ನ ತವರಿನ ಹೆಸರ ಗಂಗವ್ವ. ಲಗ್ನಕ್ಕಿಂತ ಮೊದಲ ಎರಡ ಸಲ ನನ್ನನ್ನ ಗುಡಿ ಕಂಬಕ್ಕ ಕಟ್ಟಿದ್ರು. ಆಗ ಗುಳಿಗಿ ಎಲ್ಲಿದ್ದೂವು? ಆಮ್ಯಾಲ ಹೊಸಾ ಹೆಸರ ಇಟ್ಟ ಇಲ್ಲಿ ತಂದ್ರು. ಹೆಸರ ಬದಲಾತು, ತಲಿ ಅದ ಇತ್ತು. ಮೂವತ್ತ ವರ್ಷ ಬಾಯಿ ಮುಚಗೊಂಡ ಇದ್ದೀನಿ." ಸೆರಗು ಸರಿಸಿ ತೋಳು ಮುಂದೆ ಚಾಚಿದಳು. "ಸೂಜಿ ಅಂವನ್ನ ಕಳಸು. ದಪ್ಪ ರಕ್ತ ಅಂದಿದ್ದೆ, ಸುಳ್ಳ. ಡಾಕ್ಟರಗ ಹೇಳು. ನನ್ನ ಮಗಗ ಮಾತ್ರ ಹೇಳಬ್ಯಾಡ. ಗಂಡಸರ ಹೊಟ್ಯಾಗ ಇಂಥಾದ್ದ ಕರಗಂಗಿಲ್ಲ."

ಸೊಸೆ ಅತ್ತೆಯ ಮಡಿಲಿಗೆ ತಲೆ ಇಟ್ಟು ಅತ್ತಳು. ಅತ್ತೆ ಆಕೆಯ ತಲೆ ಸವರುತ್ತಲೇ, "ಇಷ್ಟ ಅತ್ರ ಮತ್ತ ಗುಳಿಗಿ ಹೆಚ್ಚ ಮಾಡತಾರ ನೋಡ" ಅಂದಳು. ಗುಬ್ಬಿಗಳು ಅಷ್ಟು ಹೊತ್ತಿಗೆ ಬೇಳೆ ಮುಗಿಸಿದ್ದವು.

ಸಾಹೇಬರಿಗೆ ಬಾಗಿಲು ಹಾಕಿ ಹೇಳಿದೆ. "ನಾನೂ ಮೂರ್ಖ ಕಣಮ್ಮಾ, ಫಾರಂ ಮಾಡಿದವನು ನಾನು" ಅಂದರು. ಕ್ಷಮೆ ಕೇಳುವುದು ಡಾಕ್ಟರರ ಓದಿನಲ್ಲಿ ಇರುವುದಿಲ್ಲ. ಹೊರಗೆ ಹೋಗಿ ಮೌಲಾನಿಗೆ ಒಂದು ಸಿಗರೇಟು ಕೊಟ್ಟರು. ಸೇದದ ಮೌಲಾ ಅದನ್ನು ಕಿವಿಗೆ ಸಿಕ್ಕಿಸಿಕೊಂಡು ಎರಡು ದಿನ ತಿರುಗಿದ. ಅಲ್ಲಿಂದ ಮುಂದೆ ನಕ್ಷೆಗಳಲ್ಲಿ ಹೆಸರು ಬರೆಯುವುದು ನಿಂತಿತು, ಅಂಕಿ ಬಂದವು. ಅಂಕಿಗೂ ಹೆಸರಿಗೂ ಹೊಂದಿಸುವ ಹಾಳೆ ಬೀಗದೊಳಗೆ. ಆ ಹಾಳೆಯಲ್ಲಿ ಒಂದು ಹೊಸ ಕಾಲಂ ಸೇರಿತು: ತವರಿನ ಹೆಸರು. ವಿಜ್ಞಾನಕ್ಕೆ ನಿಮ್ಮ ಆಯಿ ಕೊಟ್ಟದ್ದು ಆ ಒಂದು ಕಾಲಂ. ಅದನ್ನು ತುಂಬಲು ಒಳಬಾಗಿಲು ದಾಟಿ ಹೋಗಿ, ಮುಖ ನೋಡಿ ಕೇಳಬೇಕಾಗಿತ್ತು. ಹಾಗೆ ನನ್ನ ಅರ್ಧ ನಾಚಿಕೆ ಹೋಯಿತು.

ಸಾಹೇಬರ ಆ ಒಂದೇ ವಂಶವಾಹಿ ಮಾತ್ರ ಸಿಗಲಿಲ್ಲ. ಅವರಿಗಷ್ಟೇ ಅಲ್ಲ, ಯಾರಿಗೂ ಸಿಗಲಿಲ್ಲವಂತೆ. ಒಂದು ಹಗ್ಗ ಎಂದು ಹುಡುಕಿದರು. ಕೊನೆಗೆ ನೋಡಿದರೆ ನೂರಾರು ಹತ್ತಿ ಎಳೆಗಳು, ಒಂದೊಂದೂ ಇಷ್ಟಿಷ್ಟೇ ಜಗ್ಗುವಂಥವು. ಮನೆ, ನಿದ್ದೆ, ದುಃಖ, ಗೆಳೆಯರು ಎಲ್ಲವೂ ಅವುಗಳ ಜೊತೆ ಸೇರಿ ಜಗ್ಗುತ್ತವೆ. ವರ್ಷಗಳ ಮೇಲೆ ಸಾಹೇಬರು ಕಾಗದ ಬರೆದು ಇದನ್ನು ತಿಳಿಸಿದರು. ಕೊನೆಯಲ್ಲಿ, "ನಿಮ್ಮ ಸವಳು ಹೊಲವೇ ಸರಿ ಇತ್ತು. ನಾನು ಸಿಗರೇಟು ಬಿಟ್ಟಿದ್ದೇನೆ, ನಾಲ್ಕನೇ ಸಲ" ಎಂದಿತ್ತು.

ಈಗ ಸಮರ್ಥನ ಪ್ರಶ್ನೆ. ಊರೂರಿನ ಮನೆತನಗಳ ನಕ್ಷೆ ಬರೆದ ನಾನು ಒಂದು ಮನೆತನದ್ದನ್ನು ಬರೆಯಲಿಲ್ಲ. ಕೊನೆಯ ಹಾಳೆಯಲ್ಲಿ ಅದನ್ನು ಬರೆದಿದ್ದೇನೆ. ನಿಮ್ಮ ಅಜ್ಜನ ಚೌಕ ಕಪ್ಪು, ಅದು ನಿಮಗೆ ಗೊತ್ತು. ನಿಮಗೆ ಗೊತ್ತಿಲ್ಲದ್ದು ನನ್ನ ಕಡೆಯದು. ನೀವು ಸುಮಿತ್ರಾ ಎಂದು ಕರೆಯುವ ಈ ಆಯಿಯ ತವರಿನ ಹೆಸರು ಬಾಳವ್ವ. ಬಾಳವ್ವನ ಅವ್ವ ತಂಗೆವ್ವ ಕೆಲವು ತಿಂಗಳು ಕಬ್ಬೂರಿಗೆಲ್ಲ ಹಾಡು ಹೇಳುತ್ತಾ ಮನೆಯ ಪಾತ್ರೆಗಳನ್ನು ದಾನ ಮಾಡುತ್ತಿದ್ದಳು. ಕೆಲವು ತಿಂಗಳು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದಳು. ಹಾಗೆ ಮಲಗಿದ್ದವಳು ಒಂದು ದಿನ ಏಳಲಿಲ್ಲ. ಸುಮಿತ್ರಾ ಎಂಬ ಹೆಸರು ಬಂದ ದಿನ ನಾನು ಬಾಳವ್ವನ ಜೊತೆ ಆಕೆಯನ್ನೂ ಬಿಟ್ಟುಬಂದೆ. ನಿಮ್ಮ ಅಜ್ಜನಿಗೆ ಹೇಳಲಿಲ್ಲ, ನಿಮ್ಮಪ್ಪನಿಗೂ ಹೇಳಲಿಲ್ಲ. ಊರ ಮಂದಿಯನ್ನೆಲ್ಲ ಕೇಳುತ್ತಾ ತಿರುಗಿದವಳು ನಾನು! ಆಕೆಯ ದುಂಡಿಗೆ ಇವತ್ತು ಕಪ್ಪು ತುಂಬಿದ್ದೇನೆ. ಆಕೆಗೂ ತವರಿನಲ್ಲಿ ಬೇರೆ ಹೆಸರು ಇದ್ದಿರಬೇಕು. ನಾನು ಕೇಳಲಿಲ್ಲ. ಆ ಜಾಗ ಖಾಲಿ ಇದೆ.

ಹಾಗಾದರೆ ರಕ್ತದಲ್ಲಿ ಇದೆಯಾ? ಇದೆ ಮಗಾ, ಎರಡೂ ಕಡೆಯಿಂದ ಕೆಲವು ಎಳೆ ಬಂದಿರಬಹುದು. ನಿನ್ನದು ಎರೆ ಹೊಲವೋ ಮಡ್ಡಿಯೋ ನನಗೆ ಗೊತ್ತಿಲ್ಲ. ಎರೆ ಹೊಲ ಎಂದುಕೊಂಡೇ ನೀರಿನ ಬಗ್ಗೆ ಹುಷಾರಾಗಿರು. ನಿದ್ದೆ ಕೆಟ್ಟರೆ, ಮನಸ್ಸು ಹಾರಾಡಿದರೆ, ಏಳಲು ಮನಸ್ಸಾಗದಿದ್ದರೆ, ಅಕ್ಕನಿಗೆ ಹೇಳು. ಶ್ರುತಿ, ನೀನು ಯಾರ ನಕ್ಷೆಯನ್ನಾದರೂ ಬರೆಯುವ ಮೊದಲು ಇದನ್ನು ಓದು.

ಈ ಹಾಳೆಗಳು ನೀರು, ಗೆದ್ದಲು ಹತ್ತದ ಹಾಗೆ ಇರಲಿ. ನಾಳೆ ಯಾವ ಡಾಕ್ಟರಾದರೂ "ನಿಮ್ಮ ಮನೆತನದಲ್ಲಿ ಯಾರಿಗಾದರೂ?" ಎಂದು ಕೇಳಿದಾಗ, ಉಂಡಿ ಕೊಡದೆ, ಇದನ್ನು ತೆಗೆದು ಕೊಡಿ. ನೀವು ಮದುವೆಯಾಗುವವರಿಗೂ ತೋರಿಸಿ. ಜೋಪಾನವಾಗಿ ಇಡಿ ಅಂದೆನೇ ಹೊರತು ಬಚ್ಚಿಡಿ ಅನ್ನಲಿಲ್ಲ. ಮೆಂತ್ಯದ ಡಬ್ಬಿಯಲ್ಲಿ ಮಾತ್ರ ಇಡಬೇಡಿ.